ನೀಲಿ ಗಿಟಾರಿಗೆ ಹಚ್ಚಿದ ಎಣ್ಣೆ

ನಮ್ಮ ಅತ್ತಿಗೆಯ ಕೈಗೆ ಬಣ್ಣ ಕೂರುವುದಿಲ್ಲ ಎಂಬ ಮಾತು ನಮ್ಮೂರು ನಾಪೋಕ್ಲಿನಲ್ಲಿ ಹುಟ್ಟಿದ್ದು ನನ್ನಿಂದ. ಅದು ಸುಳ್ಳು. ಸುಳ್ಳೆಂದು ಆರು ವರ್ಷದಿಂದ ಗೊತ್ತಿದ್ದವಳು ನಾನೊಬ್ಬಳೇ — ಗೊತ್ತಿದ್ದೂ ಅವರ ಜೊತೆ ಕೂತು ದಿನಾ ಕಾಫಿ ಕುಡಿದೆ.

ಅಣ್ಣ ಬಡಗಿ. ಅತ್ತಿಗೆ ಸುಮಿತ್ರಾ ಮರಕ್ಕೆ ಬಣ್ಣ, ಎಣ್ಣೆ ಕೊಡುವವರು. ಉಜ್ಜಿ ನುಣುಪು ಮಾಡುವುದು ನನ್ನ ಪಾಲು. ಮಂಚ, ಕುರ್ಚಿ ಮಾಡಿಕೊಂಡಿದ್ದ ನಮ್ಮ ಶೆಡ್ಡಿಗೆ ಒಂದು ದಿನ ಕಕ್ಕಬೆಯ ಬೋಪಣ್ಣ ಎಲೆಕ್ಟ್ರಿಕ್ ಗಿಟಾರ್ ಹೊತ್ತು ಬಂದರು. ಹೋಂಸ್ಟೇ ನಡೆಸುತ್ತ, ಬಂದವರಿಗೆಲ್ಲ ಗಿಟಾರ್ ನುಡಿಸಿ ಕೇಳಿಸುವ ಮನುಷ್ಯ. ಗಿಟಾರಿನ ಒಡಲು ಸೀಳಿಹೋಗಿತ್ತು. ತಂತಿ, ವೈರು ಸರಿಯಿದೆ, ಹೊಸ ಒಡಲು ಸಾಕು, ಆದರೆ ನೀಲಿ ಬೇಕು — ಬೆಳಿಗ್ಗೆ ಬೆಟ್ಟ ಕಾಣುತ್ತದಲ್ಲ, ಆ ನೀಲಿ ಎಂದರು.

ಅಣ್ಣ ಸಿಲ್ವರ್ ಓಕಿನ ಹಲಗೆ ಕೊಯ್ದು ಒಡಲು ಮಾಡಿಕೊಟ್ಟ. ಅತ್ತಿಗೆ ಒಂದು ವಾರ ತುಂಡು ಮರದ ಮೇಲೆ ನೀಲಿ ಬೆರೆಸಿ ಬೆರೆಸಿ ನೋಡಿದರು. ಕೊನೆಗೆ ಬಟ್ಟೆಯಲ್ಲಿ ಅದ್ದಿ ಒಡಲಿಗೆ ಬಳಿದಾಗ — ಮರದ ಮಿಂಚೆಲ್ಲ ಆ ನೀಲಿಯೊಳಗಿಂದ ಎದ್ದು ಬಂತು. ಅತ್ತಿಗೆ ತಲೆ ಓರೆ ಮಾಡಿ, ಹೊಸ ಸೀರೆ ಉಟ್ಟು ಕನ್ನಡಿ ನೋಡಿಕೊಳ್ಳುವವರ ಹಾಗೆ ನಿಂತಿದ್ದರು.

ಬಣ್ಣ ಒಣಗಿದ ಮೇಲೆ ಅಗಸೆ ಎಣ್ಣೆ. ತೆಳ್ಳಗೆ ಹಚ್ಚಬೇಕು, ಹೆಚ್ಚಾದದ್ದನ್ನು ಒರೆಸಬೇಕು, ಒಣಗಿದ ಮೇಲೆ ಮತ್ತೆ ಹಚ್ಚಬೇಕು. ಅದು ಮರದಲ್ಲೇ ಗಟ್ಟಿಯಾಗಿ ಬಣ್ಣವನ್ನು ಹಿಡಿದಿಡುತ್ತದೆ. ಆ ಕೆಲಸ ನನಗೆ ವಹಿಸಿ ಅತ್ತಿಗೆ ನಾಲ್ಕು ದಿನ ಸೋಮವಾರಪೇಟೆಯ ತವರಿಗೆ ಹೋದರು. ಡಬ್ಬಿಯ ಮುಚ್ಚಳ ಹಾಕಿಡು ಎಂದು ಎರಡು ಸಲ ಹೇಳಿದ್ದರು. ನಾನು ಹಾಕಲಿಲ್ಲ. ಶೆಡ್ಡಿಗೆ ನುಗ್ಗಿದ ಕೋಳಿಯನ್ನು ಓಡಿಸುವಾಗ — ಕೋಳಿಯ ತಪ್ಪಲ್ಲ, ಕಾಲು ನನ್ನದು — ಡಬ್ಬಿ ಮಗುಚಿತು. ಎಣ್ಣೆಯನ್ನೆಲ್ಲ ಮರದ ಹೊಟ್ಟು ಕುಡಿಯಿತು. ಮೈಸೂರಿನಿಂದ ತರಿಸುವ ಎಣ್ಣೆ. ಬೈಸಿಕೊಳ್ಳಬೇಕಲ್ಲ ಎಂದು... ಅಡುಗೆಮನೆಯ ಎಳ್ಳೆಣ್ಣೆಯನ್ನು ಅದೇ ಡಬ್ಬಿಗೆ ಸುರಿದು, ಅದನ್ನೇ ಹಚ್ಚಿದೆ. ನೋಡಲು ಅದೇ ಹೊಂಬಣ್ಣ.

ಹೊಳಪೇನೋ ಬಂತು. ಆದರೆ ಎಳ್ಳೆಣ್ಣೆ ಒಣಗುವುದಿಲ್ಲ. ತವರಿನಿಂದ ಬಂದ ಅತ್ತಿಗೆ ಮುಟ್ಟಿ, ಇನ್ನೂ ಅಂಟುತ್ತಿದೆಯಲ್ಲ ಎಂದರು. ಮಂಜು ಜಾಸ್ತಿ ಎಂದೆ. ತಮ್ಮನ ಮದುವೆಗೆ ನುಡಿಸಬೇಕೆಂದು ಬೋಪಣ್ಣ ಅವಸರದಲ್ಲಿ ಒಯ್ದರು.

ಮದುವೆಗೆ ನಾವೂ ಹೋಗಿದ್ದೆವು. ಬಿಳಿ ಅಂಗಿ ತೊಟ್ಟ ಬೋಪಣ್ಣ ಬೆವರಿಳಿಸಿಕೊಂಡು ನುಡಿಸಿದರು, ಜನ ಕುಣಿದರು. ಗಿಟಾರ್ ಕೆಳಗಿಟ್ಟಾಗ ನೋಡಿದರೆ — ಅವರ ಹೊಟ್ಟೆಯ ತುಂಬ ನೀಲಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಬೋಪಣ್ಣನೇ. ಈಗ ನೆನೆದರೂ ನನಗೆ ನಗು ತಡೆಯಲಾಗುವುದಿಲ್ಲ. ಅವತ್ತು ನಗದವರು ಅತ್ತಿಗೆ ಒಬ್ಬರೇ.

ಮನೆಗೆ ಬಂದು ಕೇಳಿದರು: "ಲೀಲಾ, ನೀನು ಹಚ್ಚಿದ್ದು ಆ ಡಬ್ಬೀದೇ ತಾನೆ?"

"ಅದೇ, ಅತ್ತಿಗೆ."

ಡಬ್ಬಿ ಅದೇ, ಹೌದು. ಎಣ್ಣೆ...

ತಾವು ಬಣ್ಣ ಬೆರೆಸಿದ್ದೇ ತಪ್ಪು ಎಂದು ಅವರು ತೀರ್ಮಾನಿಸಿದರು. ಗಿಟಾರ್ ವಾಪಸ್ ತರಿಸಿ ಮೂರು ದಿನ ಕೂತು ಆ ನೀಲಿಯನ್ನೆಲ್ಲ ಉಜ್ಜಿ ತೆಗೆದರು. ಉಜ್ಜುವುದು ನನ್ನ ಕೆಲಸ. ಆ ಸಲ ನನಗೆ ಕೊಡಲಿಲ್ಲ. ಬರಿಯ ಮರಕ್ಕೆ, ಹೊಸದಾಗಿ ತರಿಸಿದ ಅಗಸೆ ಎಣ್ಣೆ ಹಚ್ಚಿ ಕಳಿಸಿದರು. ಅದನ್ನು ಕಂಡವರು ತಮಗೂ ಬೇಕೆಂದರು. ಆರು ವರ್ಷದಲ್ಲಿ ಎಷ್ಟೋ ಗಿಟಾರುಗಳಾದವು, ಎಲ್ಲವೂ ಮರದ್ದೇ ಬಣ್ಣ, ಜನ ಮೆಚ್ಚಿದರು. ಒಳ್ಳೆಯದೇ ಆಯಿತಲ್ಲ — ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಸಲ ಹೇಳಿಕೊಂಡೆನೋ.

ಮೊನ್ನೆ ಪೊನ್ನಂಪೇಟೆಯಿಂದ ಒಬ್ಬ ಕಾಲೇಜು ಹುಡುಗಿ ಬಂದು ಕೆಂಪು ಗಿಟಾರ್ ಬೇಕೆಂದಳು. ಅತ್ತಿಗೆ ನಗುನಗುತ್ತಲೇ, "ನನ್ನ ಕೈಗೆ ಬಣ್ಣ ಕೂರಲ್ಲಮ್ಮ, ಬೇರೆ ಕಡೆ ಕೇಳು" ಎಂದರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಹುಡುಗಿಯನ್ನು ನಿಲ್ಲಿಸಿ, ಅವಳೆದುರಿಗೇ ಎಲ್ಲ ಹೇಳಿದೆ.

"ಎಳ್ಳೆಣ್ಣೆಯಾ?" ಎಂದರು ಅತ್ತಿಗೆ. ಹಲಗೆಯ ಮೇಲೆ ಕುಸಿದು ಕೂತು, ಬೋಪಣ್ಣನ ಹೊಟ್ಟೆ ನೆನೆದು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನೂ ನಕ್ಕೆ, ಹುಡುಗಿಯೂ ನಕ್ಕಳು. ಮುಗಿಯಿತು ಅಂದುಕೊಂಡೆ. ಆಮೇಲೆ ಅವರ ನಗು ನಿಂತಿತು.

"ಆರು ವರ್ಷ ಕಣೆ, ಲೀಲಾ."

ಅಷ್ಟೇ ಅಂದದ್ದು. ತಪ್ಪಾಯಿತು ಎಂದೆ. ಅವರು ಹುಡುಗಿಯ ಕಡೆ ತಿರುಗಿ, ಎಂಥ ಕೆಂಪು ಬೇಕು ಎಂದು ಕೇಳಿದರು.

ಇದನ್ನು ಬರೆಯುವ ಹೊತ್ತಿಗೆ ಅತ್ತಿಗೆ ನಾಲ್ಕನೆಯ ಸಲ ಕೆಂಪು ಬೆರೆಸುತ್ತಿದ್ದಾರೆ. ಮೊದಲ ಮೂರೂ ಕಂದಿದವು. ಕೈ ಮರೆತುಬಿಟ್ಟಿದೆ ಎನ್ನುತ್ತಾರೆ. ಮರೆಸಿದವಳು ನಾನು. ಇನ್ನೊಂದು ತುಂಡು ಮರ ಉಜ್ಜಿ ಅವರ ಮುಂದಿಡುತ್ತೇನೆ.