ಇನ್ನೂರು ಗೀಟು

ನನ್ನ ನಾದಿನಿಗೆ ಕಾರ್ಖಾನೆಯಲ್ಲಿ ಬಿರುಗಾಳಿ ಎಂದು ಹೆಸರು. ಇಪ್ಪತ್ತೆರಡು ವರ್ಷ ಅವಳು ಅರಳೆ ಹಿಂಜುವ ಮಿಷನ್ನಿನ ಮುಂದೆ ನಿಂತಳು. ನಾನು ಪಕ್ಕದ ಕೋಣೆಯಲ್ಲಿ ಹಾಸಿಗೆಗೆ ಹೊಲಿಗೆ ಹಾಕುವವಳು. ಅವಳ ಅಣ್ಣ, ಅಂದರೆ ನನ್ನ ಯಜಮಾನರು, ಹೋದ ಮೇಲೆ ನಮ್ಮಿಬ್ಬರದೂ ಒಂದೇ ಮನೆ, ಒಂದೇ ಒಲೆ. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಅವಳು ಸೋಲುವುದು ಉಸಿರಿಗೆ ಮಾತ್ರ. ಉಬ್ಬಸ.

ಮಾಲೀಕರು ಒಮ್ಮೆ ಎಲ್ಲರೆದುರು ಹೇಳಿದ್ದರು, ಕೆಮ್ಮುವವರು ಮನೆಯಲ್ಲಿ ಕೂತು ಕೆಮ್ಮಲಿ ಎಂದು. ಅಂದಿನಿಂದ ಅವಳು ಅವರ ಕಣ್ಣು ತಪ್ಪಿಸಿ, ನನ್ನ ಹಾಸಿಗೆಗಳ ಮರೆಗೆ ಬಂದು ಉಸಿರು ಬಿಡಿಸುವ ನೀಲಿ ಪಂಪು ಬಾಯಿಗಿಟ್ಟು ಒತ್ತಿಕೊಂಡು ಹೋಗುತ್ತಿದ್ದಳು. ದಿನವೂ ಎರಡು ಹೊತ್ತು ತಪ್ಪದೆ ಎಳೆಯಬೇಕಾದ ಕಂದು ಪಂಪು ಡಬ್ಬಿಯಲ್ಲೇ ಇತ್ತು. ಎಳೆದ ಕೂಡಲೇ ಎದೆ ಬಿಡದಿದ್ದರೆ ಅದೇನು ಮದ್ದು ಎಂದು ಅವಳ ವಾದ.

ಹತ್ತು ಹೊಲಿಗೆಯಾದರೆ ಹಾಸಿಗೆಯ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುವುದು ನಮ್ಮ ಕೆಲಸದ ರೂಢಿ. ನನ್ನ ಓದುಬರಹ ಅಷ್ಟಕ್ಕಷ್ಟೇ, ಗೀಟು ಮಾತ್ರ ತಪ್ಪುವುದಿಲ್ಲ. ಹೊಸ ನೀಲಿ ಪಂಪು ಕೊಟ್ಟಾಗ ಔಷಧದಂಗಡಿಯವನು ಇದರಲ್ಲಿ ಇನ್ನೂರು ಸಲಕ್ಕಾಗುವಷ್ಟು ಮದ್ದಿದೆ, ಆಮೇಲೆ ಬರುವುದು ಬರೀ ಗಾಳಿ ಎಂದಿದ್ದ. ಅವಳು ಒತ್ತಿದಷ್ಟು ಸಲವೂ ನಾನು ಮನೆಯಲ್ಲಿ ಬೀರುವಿನ ಪಕ್ಕದ ಗೋಡೆಗೆ ಗೀಟು ಎಳೆದೆ. ಇಪ್ಪತ್ಮೂರನೇ ದಿನ, ಒಂದು ಸೋಮವಾರ, ಇನ್ನೂರು ತುಂಬಿತು. ಮುಗಿಯಿತು, ಬೇರೆ ತರೋಣ ಎಂದೆ. ಅವಳು ಪಂಪನ್ನು ಕಿವಿಯ ಹತ್ತಿರ ಹಿಡಿದು ಒತ್ತಿದಳು.

"ಬುಸ್ ಅಂತಿದೆಯಲ್ಲ ಅತ್ತಿಗೆ. ಹಾವಿನ್ನೂ ಬದುಕಿದೆ."

ಶುಕ್ರವಾರ ಕಾರ್ಖಾನೆಗೆ ಒಬ್ಬ ನರ್ಸಮ್ಮ ಬಂದರು. ಯಾವ ಕೆಲಸದವರಲ್ಲಿ ಉಬ್ಬಸ ಎಷ್ಟು ಹತೋಟಿಯಲ್ಲಿದೆ ಎಂದು ನೋಡುವುದು ಅವರ ಕೆಲಸ. ಬ್ಯಾಂಕಿನವರು, ಮೇಷ್ಟ್ರುಗಳು, ಹತ್ತಿ ಕೆಲಸದವರು, ಎಲ್ಲರನ್ನೂ ಅದೇ ಐದು ಪ್ರಶ್ನೆ ಕೇಳುತ್ತಿದ್ದರು. ಒಂದೊಂದಕ್ಕೆ ಐದು ಅಂಕ, ಹೆಚ್ಚು ಬಂದಷ್ಟೂ ಹತೋಟಿ ಹೆಚ್ಚು. ಮಾಲೀಕರು ಬಾಗಿಲಲ್ಲೇ ನಿಂತಿದ್ದರು.

ನಾದಿನಿ ಪಟಪಟನೆ ಉತ್ತರ ಕೊಟ್ಟಳು. ರಾತ್ರಿ ಎಚ್ಚರವಾಗುವುದಿಲ್ಲ, ಕೆಲಸಕ್ಕೆ ತೊಂದರೆಯಿಲ್ಲ, ಪಂಪು ಬೇಕೇ ಆಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೇಜಿನ ಕೆಳಗೆ ನನ್ನ ತೊಡೆ ಹಿಂಡಿದಳು. ನರ್ಸಮ್ಮ ಕಾಗದ ತಿರುಗಿಸಿ ನೋಡಿದರು.

"ಬ್ಯಾಂಕಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ಹದಿನೆಂಟು ಬಂತು. ಇಲ್ಲಿ ಎಲ್ಲರಿಗೂ ಇಪ್ಪತ್ತೈದು. ಹತ್ತಿ ಧೂಳು ಕುಡಿದರೆ ಉಬ್ಬಸ ವಾಸಿಯಾಗುತ್ತಾ?"

ಅವರು ಚೀಲ ಮುಚ್ಚಿಕೊಂಡು ಗೇಟಿನ ಕಡೆ ಹೊರಟರು. ಮಿಷನ್ನು ಮತ್ತೆ ಶುರುವಾಯಿತು.

ನಾನು ಮೂರು ಗೀಟು ಎಳೆಯುವಷ್ಟರಲ್ಲಿ ಅವಳು ಗೋಡೆ ಹಿಡಿದುಕೊಂಡು ಹಾಸಿಗೆಗಳ ಮರೆಗೆ ಬಂದಳು. ಭುಜ ಕಿವಿಗೆ ತಾಗುವಂತೆ ಎದ್ದಿತ್ತು. ಪಂಪು ಒತ್ತಿದಳು, ಬುಸ್. ಮತ್ತೆ ಒತ್ತಿದಳು, ಬುಸ್. ಆರು ಸಲ ಒತ್ತಿದಳು. ಎದೆ ಮಾತ್ರ ಬಿಡಲಿಲ್ಲ. ತುಟಿ ಮಸಿಯಂತಾಯಿತು. ಏನೋ ಹೇಳಲು ನೋಡಿದಳು, ಒಂದು ಪದವೂ ಪೂರ್ತಿ ಬರಲಿಲ್ಲ. ಆ ಬಾಯಿ ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಓಡಿದೆ. ಗೇಟಿನಾಚೆ ಆಟೊ ಹತ್ತುತ್ತಿದ್ದ ನರ್ಸಮ್ಮನ ಸೆರಗು ಹಿಡಿದೆ.

"ಅವಳು ಹೇಳಿದ್ದೆಲ್ಲ ಸುಳ್ಳು. ಪಂಪು ಸೋಮವಾರವೇ ಖಾಲಿ."

ಅವರು ನನ್ನ ಹಿಂದೆಯೇ ಒಳಗೆ ಓಡಿಬಂದು, ತಮ್ಮ ಚೀಲದ ಪಂಪಿಗೆ ಒಂದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಅವಳ ಬಾಯಿಗಿಟ್ಟರು. ಒಂದು ಸಲ ಒತ್ತುವುದು, ನಾಲ್ಕೈದು ಉಸಿರು ಕಾಯುವುದು, ಮತ್ತೆ ಒತ್ತುವುದು. ನಾನು ಎಣಿಸುತ್ತಲೇ ಇದ್ದೆ. ಎಂಟನೆಯದಕ್ಕೆ ಅವಳ ಎದೆಯೊಳಗಿನಿಂದ ಸಿಳ್ಳೆಯಂಥ ಸದ್ದು ಬಂತು. ಗಾಳಿ ಹೋಗುತ್ತಿದೆ ಎಂದರು ನರ್ಸಮ್ಮ. ಅದೇ ಆಟೊದಲ್ಲಿ ಆಸ್ಪತ್ರೆಗೆ ಹೋದೆವು.

ಮಾರನೆಯ ದಿನ ನರ್ಸಮ್ಮ ಅದೇ ಕಾಗದ ಹಿಡಿದು ವಾರ್ಡಿಗೆ ಬಂದರು. ನೋಡಲು ಬಂದಿದ್ದ ಮಾಲೀಕರು ಮಂಚದ ಕಾಲ ಬಳಿ ನಿಂತಿದ್ದರು. ನಾಲ್ಕು ವಾರದಲ್ಲಿ ನೀಲಿ ಪಂಪು ಎಷ್ಟು ಸಲ ಎಂದು ನರ್ಸಮ್ಮ ಕೇಳಿದರು. ನಾದಿನಿ ಮಾಲೀಕರ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗೋಡೆ ಏನು ಹೇಳುತ್ತೆ, ಅತ್ತಿಗೆ?"

"ಇಪ್ಪತ್ಮೂರು ದಿನಕ್ಕೆ ಇನ್ನೂರು."

ಐದು ಪ್ರಶ್ನೆಗೂ ಸೇರಿ ಏಳು ಅಂಕ ಬಂತು. ಸ್ಕೂಲಿನಲ್ಲೂ ತನಗೆ ಅಷ್ಟೇ ಬರುತ್ತಿತ್ತು ಎಂದಳು, ಆಕ್ಸಿಜನ್ ಮುಖವಾಡದೊಳಗಿನಿಂದಲೇ. ಧೂಳಿನಲ್ಲಿ ಮತ್ತೆ ನಿಲ್ಲಿಸಬೇಡಿ ಎಂದು ಡಾಕ್ಟರು ಮಾಲೀಕರಿಗೇ ನೇರವಾಗಿ ಹೇಳಿದರು. ಅವರು ನೆಲ ನೋಡುತ್ತಾ, ಹೊಲಿಗೆ ಕಡೆ ಕೂರಲಿ, ನೋಡೋಣ ಎಂದರು.

ಈಗ ಅವಳು ನನ್ನ ಪಕ್ಕ ಕೂರುತ್ತಾಳೆ, ಕಾರ್ಖಾನೆಗೆಲ್ಲ ಸೊಟ್ಟ ಹೊಲಿಗೆ ಅವಳದೇ. ಕಂದು ಪಂಪು ಎರಡು ಹೊತ್ತೂ ತಪ್ಪುವುದಿಲ್ಲ. ಈ ತಿಂಗಳು ಗೋಡೆಯ ಮೇಲೆ ನೀಲಿಯ ಗೀಟು ಒಂಬತ್ತು.

ಮಿಷನ್ನಿನ ಮುಂದೆ ಈಗ ಬೇರೊಬ್ಬಳು ನಿಂತಿದ್ದಾಳೆ. ನಿನ್ನೆ ಅವಳು ನಮ್ಮ ಹಾಸಿಗೆಗಳ ಮರೆಗೆ ಬಂದು, ಸೆರಗು ಬಾಯಿಗಿಟ್ಟು ಕೆಮ್ಮಿದಳು. ಏನೂ ಇಲ್ಲ, ಬರೀ ಧೂಳು ಎಂದಳು. ನನ್ನ ನಾದಿನಿ ಸೂಜಿ ಕೆಳಗಿಟ್ಟು, ಸೀಮೆಸುಣ್ಣ ಕೈಗೆ ತೆಗೆದುಕೊಂಡಳು.