ಗುರವ್ವನ ಲ್ಯಾಪ್‌ಟಾಪು ಮತ್ತು ಬಿರಾದಾರ ಸರ್

ಗಣಕಯಂತ್ರವೆಂದರೆ ಟೈಪ್‌ರೈಟರಿನ ತಂಗಿ ಎಂದು ಸಿಂದಗಿ ಸೀಮೆ ತಿಳಿದಿದ್ದ ಕಾಲದಲ್ಲಿ, ಅದರ ಹೊಟ್ಟೆ ಬಿಚ್ಚಿ ಮಕ್ಕಳಿಗೆ ತೋರಿಸಿದವರು ಪ್ರೊ. ಬಸಂತರಾಯ ಬಿರಾದಾರ ಅವರು. ಇಂಡಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕರಾಗಿ ಸೇವೆಗೆ ಸೇರಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳನ್ನು ದಾಟಿ ಸಿಂದಗಿಯಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರು ಹೋದಲ್ಲೆಲ್ಲ ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶವನ್ನು ಹಂಚಿದರು. ಬಾಗೇವಾಡಿಯಲ್ಲಿ ಮೂಲೆಗುಂಪಾಗಿದ್ದ ಯಂತ್ರಗಳನ್ನು ಎಬ್ಬಿಸಿ ಕೂರಿಸಿದ್ದನ್ನೂ, ಮುದ್ದೇಬಿಹಾಳದಲ್ಲಿ ಸ್ವಂತ ಮನೆಯ ಪಡಸಾಲೆಯನ್ನೇ ಪ್ರಯೋಗಶಾಲೆ ಮಾಡಿದ್ದನ್ನೂ ಅವರ ಈ ಅಭಿನಂದನ ಸಂಪುಟದ ಇತರ ಲೇಖನಗಳು ಹೇಳುತ್ತವೆ. ಗೆದ್ದವರ ಕಥೆ ಹೇಳಲು ಎಲ್ಲರಿಗೂ ಹುರುಪು. ಇಲ್ಲಿ ಅವರು ಸೋತದ್ದನ್ನು ಹೇಳಬೇಕಾಗಿದೆ.

೨೦೦೭ರಲ್ಲಿ ಆಲಮೇಲದ ಗುರವ್ವ ಎಂಬ ಹುಡುಗಿ ಸಿಂದಗಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಆಕೆಗೆ ಹುಟ್ಟಿನಿಂದ ಕಣ್ಣಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಲಿನಕ್ಸಿನಲ್ಲಿ ಪುಕ್ಕಟೆ ಇದ್ದುದರಿಂದ, ಕಾಲೇಜಿಗೆ ದಾನವಾಗಿ ಬಂದ ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೆ ಸರ್ ಅದನ್ನು ಹಾಕಿಕೊಟ್ಟರು. ಯಂತ್ರ ಇಂಗ್ಲಿಷಿನಲ್ಲಿ ಮಾತಾಡಿದ ದಿನ ಗುರವ್ವ ಊಟ ಮರೆತು ಕೂತಿದ್ದಳು. ವಿಜಾಪುರದ ಬ್ರೌಸಿಂಗ್ ಸೆಂಟರಿಗೆ ಬಸ್ಸು ಹಿಡಿದು ಹೋಗಿ, ಪೆನ್‌ಡ್ರೈವಿನಲ್ಲಿ ಪುಸ್ತಕ ತುಂಬಿಕೊಂಡು ಬರುವುದು ಸರ್ ಅವರ ರೂಢಿಯಾಯಿತು. ಒಂದು ದಿನ ಆಕೆ ನೇರವಾಗಿಯೇ ಹೇಳಿದಳು:

“ಸರ್, ನೀವು ಏನ್ ತರ್ತೀರಿ ಅದನ್ನ ಓದಾಕತ್ತೇನಿ. ನನಗ ಏನ್ ಬೇಕು ಅನ್ನೂದನ್ನ ನಾನ ಹುಡುಕಬೇಕಾಗೇತ್ರಿ.”

ಈ ಮಾತು ಅವರಿಗೆ ನಾಟಿತು. ಇಂಟರ್‌ನೆಟ್ಟು ಇದ್ದದ್ದು ಪ್ರಾಚಾರ್ಯರ ಕೊಠಡಿಯಲ್ಲಿ. ಗೋಡೆಗೆ ತೂತು ಕೊರೆದು ತಂತಿ ಎಳೆಯಲು ಆಡಳಿತ ಮಂಡಳಿ ಒಪ್ಪಲಿಲ್ಲ. ಆದರೆ ಆ ಕೊಠಡಿಯಲ್ಲೇ ವೈರ್‌ಲೆಸ್ ಪೆಟ್ಟಿಗೆಯೊಂದು ಮಿಣಮಿಣ ಎನ್ನುತ್ತಿತ್ತು. ಲ್ಯಾಪ್‌ಟಾಪಿನೊಳಗಿನ ವೈರ್‌ಲೆಸ್ ಕಾರ್ಡು ಎಚ್ಚರಗೊಂಡರೆ ಸಾಕು, ಗುರವ್ವ ವರಾಂಡದಲ್ಲೇ ಕೂತು ಜಗತ್ತನ್ನೆಲ್ಲ ಜಾಲಾಡಬಹುದಿತ್ತು. ಕಾರ್ಡು ಮಾತ್ರ ಏಳಲಿಲ್ಲ. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶವನ್ನು ಅದರ ತಯಾರಕರು ಲಿನಕ್ಸಿಗೆಂದು ಬರೆದೇ ಇರಲಿಲ್ಲ. ವಿಂಡೋಸಿನ ಡ್ರೈವರನ್ನು ತಂದು ಲಿನಕ್ಸಿನ ಕೊರಳಿಗೆ ಕಟ್ಟುವುದೊಂದೇ ದಾರಿ. ನೆಟ್ಟು ಬರಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬರಬೇಕಾದರೆ ನೆಟ್ಟು ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ಸರ್ ಅವರ ಪಾಲಿಗೆ ದಿನಚರಿಯಾಯಿತು.

ಮತ್ತೆ ವಿಜಾಪುರ, ಮತ್ತೆ ಬಸ್ಸು. ಡ್ರೈವರನ್ನು ತರುವುದು, ಕೂರಿಸುವುದು, ಕಪ್ಪು ಪರದೆಯಲ್ಲಿ ಕಣ್ಣು ನೆಡುವುದು. ‘ಡ್ರೈವರ್ ಕೂತಿದೆ’ ಎನ್ನುತ್ತಿತ್ತು ಯಂತ್ರ. ‘ಕಾರ್ಡು ಸಿಕ್ಕಿದೆ’ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ದಸರಾ ಹೋಯಿತು, ಸಂಕ್ರಮಣ ಹೋಯಿತು. ಎಂದೂ ಸಿಡುಕದ ಮನುಷ್ಯ ಮಡದಿ ಸುನಂದಾ ಅವರ ಮೇಲೂ ರೇಗತೊಡಗಿದರು. “ಆ ಡಬ್ಬಿ ಒಯ್ದು ಭೀಮಾ ಹೊಳಿಗೆ ಒಗದ ಬರ್ರಿ,” ಎಂದರು ಆಕೆ. ಸರ್ ಒಗೆಯಲಿಲ್ಲ. ಗುರವ್ವನ ಪರೀಕ್ಷೆ ಮುಗಿಯಿತು. ಆಕೆ ಲ್ಯಾಪ್‌ಟಾಪನ್ನು ಕಾಲೇಜಿಗೆ ಮರಳಿಸಿ, ವಂದಿಸಿ ಆಲಮೇಲದ ಬಸ್ಸು ಹತ್ತಿದಳು.

ಆಕೆ ಹೋದ ಮೇಲೆ ತಪ್ಪು ಸಿಕ್ಕಿತು. ನಮ್ಮ ಕಾಲೇಜುಗಳಲ್ಲಿ ಬೆಂಚಿಗೂ ಬಕೆಟ್ಟಿಗೂ ದಾಸ್ತಾನು ನಂಬರು ಬರೆಯುವ ಪದ್ಧತಿ. ಉಗ್ರಾಣದ ರಾವಸಾಬ ಲ್ಯಾಪ್‌ಟಾಪಿನ ಬೆನ್ನ ಮೇಲೂ ಹಸಿರು ಎಣ್ಣೆಬಣ್ಣ ಬಳಿದು, ಮೇಲೆ ದುಂಡಗೆ ನಂಬರು ಬರೆದಿದ್ದ. ಮಾದರಿಯ ಹೆಸರಿದ್ದ ಚೀಟಿ ಆ ಬಣ್ಣದ ಅಡಿಯಲ್ಲಿತ್ತು. ಲ್ಯಾಪ್‌ಟಾಪಿನ ಜೊತೆ ಇಟ್ಟಿದ್ದ ಖಾಲಿ ರಟ್ಟಿನ ಡಬ್ಬದ ಮೇಲಿನ ಹೆಸರನ್ನು ನಂಬಿ ಸರ್ ಅಷ್ಟು ತಿಂಗಳು ಡ್ರೈವರ್ ತಂದಿದ್ದರು. ಆ ಡಬ್ಬವೋ ಬೇರೆ ಮಾದರಿಯ ಲ್ಯಾಪ್‌ಟಾಪಿನದು. ಬಣ್ಣವನ್ನು ಬ್ಲೇಡಿನಿಂದ ಕೆರೆದಾಗ ನಿಜವಾದ ಹೆಸರು ಹೊರಬಂತು.

“ನಂಬರ್ ಹಾಕದಿದ್ರ ಆಡಿಟ್‌ನ್ಯಾಗ ನನ್ನ ಕೊರಳಿಗೆ ಬರ್ತೈತಲ್ರಿ ಸರ್,” ಎಂದ ರಾವಸಾಬ. ಸರ್ ಅವನನ್ನು ಬೈಯಲಿಲ್ಲ. “ನಿಂದೇನೂ ತಪ್ಪಿಲ್ಲೋ. ಹಿಂದ ತಿರುವಿ ನೋಡಬೇಕಾದಾಂವ ನಾನು,” ಎಂದು ತಲೆ ತಗ್ಗಿಸಿ ಕೂತರು. ಸರಿಯಾದ ಡ್ರೈವರ್ ಹಾಕಿದ ಕೂಡಲೇ ಕಾರ್ಡು ಎದ್ದಿತು. ಪ್ರಾಚಾರ್ಯರ ಪೆಟ್ಟಿಗೆ ಸಿಕ್ಕಿತೆಂದು ಯಂತ್ರ ಹೇಳಿತು. ಖಾಲಿ ವರಾಂಡದಲ್ಲಿ ಅದನ್ನು ಕೇಳಲು ಯಾರೂ ಇರಲಿಲ್ಲ.

ಆಲಮೇಲದಲ್ಲಿ ಹಿಡಿಯಲು ಅಂಥ ಪೆಟ್ಟಿಗೆ ಯಾವುದೂ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಆದರೂ ಪ್ರಾಚಾರ್ಯರ ಕೈಕಾಲು ಹಿಡಿದು ಲ್ಯಾಪ್‌ಟಾಪನ್ನು ಆಕೆಯ ಹೆಸರಿಗೆ ಬರೆಸಿಕೊಂಡು ಒಯ್ದರು. ಗುರವ್ವ ಕೀಲಿಗಳ ಮೇಲೆ ಬೆರಳಾಡಿಸಿದಳು. ಯಂತ್ರ ತಡಕಾಡಿ, ಯಾವ ಜಾಲವೂ ಸಿಗಲಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿತು.

“ಈಗ ಇಲ್ಲ ಅಂತಾದ್ರೂ ಹೇಳ್ತೈತಲ್ರಿ ಸರ್. ಮೊದಲ ಅದನ್ನೂ ಹೇಳ್ತಿದ್ದಿಲ್ಲ,” ಎಂದು ಆಕೆ ನಕ್ಕಳು.

ಸರ್ ನಗಲಾರದೆ ಹೊರಟುಬಂದರು. ದಾರಿಯುದ್ದಕ್ಕೂ ಅವರನ್ನು ಸುಟ್ಟದ್ದು ಕಾರ್ಡಿನ ಚಿಂತೆಯಲ್ಲ. ಆ ಹುಡುಗಿಗೆ ಹುಡುಕಬೇಕಾಗಿದ್ದ ಪುಸ್ತಕ ಯಾವುದೆಂದು ಅಷ್ಟು ತಿಂಗಳಲ್ಲಿ ಅವರು ಒಮ್ಮೆಯೂ ಕೇಳಿರಲಿಲ್ಲ. ಇಂದಿಗೂ ಕೇಳಿಲ್ಲ, ಮುಖ ತೋರಿಸಲು ನಾಚಿಕೆ ಎನ್ನುತ್ತಾರೆ. ಬಿರಾದಾರ ಸರ್ ಅವರಿಗೆ ಬಸವಣ್ಣ ದೀರ್ಘಾಯುಷ್ಯ ಕೊಡಲಿ, ಕೈಗೆ ಕೆಲಸವನ್ನೂ ಕಣ್ಣಿಗೆ ಕಸುವನ್ನೂ ಉಳಿಸಲಿ. ಆಲಮೇಲದ ಬಸ್ಸು ಹತ್ತಿ, ಆ ಒಂದು ಪ್ರಶ್ನೆ ಕೇಳಿ ಬರುವಷ್ಟು ಧೈರ್ಯವನ್ನೂ ಕೊಡಲಿ.