ಹಾಡು ಮುಗಿದ ಮೇಲೂ ಆಡಿದ ತುಟಿ

ಈ ಸಂಗತಿಯನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಮೊದಲ ಸಲ ರೇಡಿಯೊ ಬಿಚ್ಚಿ ಜೋಡಿಸಲು ಬಾರದೆ ಅತ್ತದ್ದು, ಪಿಕ್ಚರ್ ಟ್ಯೂಬ್ ಒಡೆದು ಕೈ ಕೊಯ್ದುಕೊಂಡದ್ದು, ಇಂಥವನ್ನು ಹೇಳುವುದು ಸುಲಭ. ಮೊಮ್ಮಕ್ಕಳು ಕೇಳಿ ನಗುತ್ತಾರೆ. ಇದೊಂದನ್ನು ಮಾತ್ರ ಮನೆಯಲ್ಲಿಯೂ ಹೇಳಿಲ್ಲ. ಅಂಗಡಿ ಮುಚ್ಚಿಯಾಯಿತು, ಕಣ್ಣು ಮಂಜಾಗಿದೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ.

ಕೊರೋನಾ ಹೋದ ಮರುವರ್ಷದ ಮಾತು. ಆಗ ನನ್ನ ಟಿವಿ ರಿಪೇರಿ ಅಂಗಡಿ ಮುದ್ದೇಬಿಹಾಳದಲ್ಲಿ, ಎಪಿಎಂಸಿ ಯಾರ್ಡಿನ ಎದುರಿಗೆ ಇತ್ತು. ಹತ್ತನೆಯ ಇಯತ್ತೆ ಮುಗಿಸಿ ಕೆಲಸಕ್ಕೆ ಬಿದ್ದವನು ನಾನು. ರೇಡಿಯೊ ಹೋಗಿ ಡಬ್ಬಾ ಟಿವಿ ಬಂದಾಗ ಅದನ್ನು ಕಲಿತೆ. ಡಬ್ಬಾ ಟಿವಿ ಹೋಗಿ ಗೋಡೆಗೆ ನೇತು ಹಾಕುವ ಸ್ಮಾರ್ಟ್ ಟಿವಿ ಬಂದಾಗ ಕಲಿಯುವ ವಯಸ್ಸು ದಾಟಿತ್ತು. ಶೋರೂಮಿನವರು ಹೇಳಿದ ಮನೆಗೆ ಹೋಗಿ, ಗೋಡೆಗೆ ತೂತು ಕೊರೆದು, ಟಿವಿ ಕೂಡಿಸಿ ಬರುವುದಷ್ಟೇ ಉಳಿದಿತ್ತು. ಆದರೆ ಟಿವಿ ಕೂಡಿಸಿದ ಕೂಡಲೇ ಎಲ್ಲರೂ ಒಂದೇ ಮಾತು ಕೇಳುತ್ತಿದ್ದರು: "ಮಿಸ್ತ್ರಿ, ಮೊಬೈಲ್‌ದಾಗಿಂದು ಇದರಾಗ ಬರೂವಂಗ ಮಾಡ್ರಿ." ಅದು ನನಗೆ ಬರುತ್ತಿರಲಿಲ್ಲ.

ಅದನ್ನು ನನಗೆ ಕಲಿಸಿದವಳು ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ತಂಗಡಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಬಿ.ಎ. ಮುಗಿಸಿದ್ದಳು. ಮಾತೆಂದರೆ ಮಾತು. ಗಿರಾಕಿ ಆಧಾರ್ ಕಾರ್ಡು ಕೊಟ್ಟು ಝೆರಾಕ್ಸ್ ಹೊರಬರುವುದರೊಳಗೆ ಅವರ ಮನೆಯವರ ಆರೋಗ್ಯವೆಲ್ಲ ವಿಚಾರಿಸಿ ಮುಗಿಸಿರುತ್ತಿದ್ದಳು. ಅವಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದನ್ನು ಬರೆಯುವ ಜಾಗ ಬೇರೆ ಇದೆ.

ರಿಪೇರಿಗೆ ಬಂದಿದ್ದ ಒಂದು ಟಿವಿ ಇಟ್ಟುಕೊಂಡು ಒಂದು ಮಧ್ಯಾಹ್ನ ಪಾಠ ಮಾಡಿದಳು.

"ಕಾಕಾ, ಮೊಬೈಲು ಟಿವಿ ಎರಡೂ ಒಂದ ವೈ-ಫೈದಾಗ ಇರಬೇಕು. ಒಂದ ಮನ್ಯಾಗಿನ ಅಣ್ಣ-ತಮ್ಮರು ಇದ್ದಂಗ. ಬ್ಯಾರೆ ಬ್ಯಾರೆ ಮನಿ ಮಾಡಿದ್ರಂದ್ರ ಮಾತ ಆಡಂಗಿಲ್ಲ."

"ಒಂದ ಮನ್ಯಾಗಿದ್ದವರೂ ಆಡಂಗಿಲ್ಲ ಬಿಡವಾ," ಎಂದೆ. ನನ್ನ ಅಣ್ಣನ ವಿಷಯ ಅವಳಿಗೆ ಗೊತ್ತಿತ್ತು, ನಕ್ಕಳು.

ಇದಕ್ಕೆ ಸ್ಕ್ರೀನ್ ಮಿರರಿಂಗ್ ಎನ್ನುತ್ತಾರೆ. ಫೋನು ತನ್ನ ಪರದೆಯ ಮೇಲಿನ ಚಿತ್ರವನ್ನು ಗಳಿಗೆ ಗಳಿಗೆಗೂ ತೆಗೆದು, ಗಂಟು ಕಟ್ಟಿ, ವೈ-ಫೈ ಮೂಲಕ ಟಿವಿಗೆ ಕಳಿಸುತ್ತದೆ. ಟಿವಿ ಗಂಟು ಬಿಚ್ಚಿ ತೋರಿಸುತ್ತದೆ. ಕಟ್ಟಲು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯುವುದರಿಂದ ಟಿವಿಯ ಚಿತ್ರ ಫೋನಿಗಿಂತ ಹಿಂದೆ ಬೀಳುತ್ತದೆ. ಇದಕ್ಕೆ ಲ್ಯಾಗ್ ಎಂದು ಹೆಸರು. ವೈ-ಫೈ ಹರಡುವ ರೂಟರ್ ದೂರವಿದ್ದರೆ, ನಡುವೆ ದಪ್ಪ ಗೋಡೆ ಇದ್ದರೆ ಇನ್ನೂ ಹಿಂದೆ ಬೀಳುತ್ತದೆ. ಜೊತೆಗೆ ಇನ್ನೊಂದು ಮಾತು. ಹಾಡು, ಸಿನಿಮಾ ಹಚ್ಚಿದರೆ ಸಪ್ಪಳವೂ ಟಿವಿಗೆ ಹೋಗುತ್ತದೆ. ಆದರೆ ವಿಡಿಯೊ ಕಾಲ್ ಇದ್ದಾಗ ಬಹಳ ಫೋನುಗಳು ಧ್ವನಿಯನ್ನು ತಮ್ಮಲ್ಲೇ ಇಟ್ಟುಕೊಂಡು ಚಿತ್ರವನ್ನಷ್ಟೇ ಕಳಿಸುತ್ತವೆ. ಅಂದರೆ ಧ್ವನಿ ಮೊದಲು ಫೋನಿನಲ್ಲಿ, ಚಿತ್ರ ಆಮೇಲೆ ಟಿವಿಯಲ್ಲಿ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹುಡುಗಿ ಅಂದೇ ತೋರಿಸಿದ್ದಳು. ಫೋನಿನ ಕ್ಯಾಮೆರಾ ಮುಂದೆ ನಾಲಿಗೆ ಹೊರಚಾಚಿ, ಒಳಗೆಳೆದುಕೊಂಡು, ಟಿವಿ ಕಡೆ ತಿರುಗಿ ಗಂಭೀರವಾಗಿ ನಿಂತಳು. ಆಮೇಲೆ ಟಿವಿಯಲ್ಲಿ ಅವಳ ನಾಲಿಗೆ ಹೊರಗೆ ಬಂತು.

"ನೋಡ್ರಿ ಕಾಕಾ, ಟಿವಿಯಾಗಿನ ಹುಡುಗಿಗೆ ಶಿಸ್ತ ಇಲ್ಲ," ಎಂದಳು.

ಆ ವಿದ್ಯೆಯಿಂದ ನನ್ನ ಅಂಗಡಿ ಮತ್ತೆ ನಡೆಯತೊಡಗಿತು. ಸಿಂದಗಿ, ಇಂಡಿ, ಬಾಗೇವಾಡಿ ಕಡೆಯಿಂದಲೂ ಕರೆ ಬರುತ್ತಿದ್ದವು.

ಬೇಸಿಗೆಯಲ್ಲಿ ಬಸವನ ಬಾಗೇವಾಡಿಯ ಒಬ್ಬ ಸಾವಕಾರರ ಮನೆಯಿಂದ ಕರೆ ಬಂತು. ಅವರ ತಾಯಿ, ಮನೆಯವರೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ಬಿದ್ದು ಟೊಂಕ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮೊಮ್ಮಗನಿಗೆ ಕನ್ಯೆ ನೋಡುತ್ತಿದ್ದರು. ಆಯಿ ಒಪ್ಪದೆ ಆ ಮನೆಯಲ್ಲಿ ಯಾವ ಸಂಬಂಧವೂ ಮುಂದೆ ಹೋಗುತ್ತಿರಲಿಲ್ಲ. ಹೋಗಿ ನೋಡಲು ಆಯಿಗೆ ಆಗದು, ಅದಕ್ಕೇ ಮೊದಲು ವಿಡಿಯೊ ಕಾಲ್ ಎಂದು ನಿಶ್ಚಯವಾಗಿತ್ತು. ಆದರೆ ಆಯಿಯ ಕಿವಿ ಅರ್ಧ ಮಂದ. ಎದುರಿನವರ ತುಟಿ ನೋಡುತ್ತಲೇ ಮಾತು ತಿಳಿದುಕೊಳ್ಳುವ ರೂಢಿ ಅವರದು.

"ಅಂಗೈಯಷ್ಟ ಫೋನಿನ್ಯಾಗ ಬಾಯಿ ಹೆಂಗ ಕಾಣಬೇಕೋ? ನನಗ ಬಾಯಿ ಕಾಣಬೇಕು," ಎಂದು ಹಟ ಹಿಡಿದಿದ್ದರಂತೆ. ಅದಕ್ಕಾಗಿ ಅವರ ಕೋಣೆಗೇ ದೊಡ್ಡ ಟಿವಿ ತರಿಸಿದ್ದರು.

ನಾನು ಸಾಮಾನು ಇಳಿಸುವಾಗ ಸಾವಕಾರರು ಕೇಳಿದರು: "ಮೌಲಾಸಾಬ, ನೀವು ಡಬ್ಬಾ ಟಿವಿ ಕಾಲದವರು. ಇದೆಲ್ಲ ನಿಮ್ಮ ಕೈಯಾಗ ಆಗ್ತೈತೋ, ವಿಜಯಪುರದಾಗಿಂದ ಹುಡುಗರನ್ನ ಕರಸಲೋ?"

ಅದು ನಟ್ಟಿತು. "ಕೂದಲೆಳಿಯಷ್ಟು ಫರಕ ಬಂದ್ರ ಕೇಳ್ರಿ," ಎಂದೆ.

ರೂಟರ್ ಮೇಲಿನ ಅಂತಸ್ತಿನಲ್ಲಿತ್ತು. ಆಯಿಯ ಕೋಣೆ ಕೆಳಗೆ, ಹಳೆಯ ಕಲ್ಲುಗೋಡೆಗಳ ನಡುವೆ. ರೂಟರ್ ಅನ್ನು ಕೆಳಗೆ ತರಬೇಕಿತ್ತು. ಅದಕ್ಕೆ ಕಲ್ಲು ಕೊರೆದು ವೈರು ಎಳೆಯಬೇಕು. ಸೆಕೆ ಜೀವ ಹಿಂಡುತ್ತಿತ್ತು, ಬಿಟ್ಟೆ. ಟಿವಿ ಕೂಡಿಸಿದೆ, ಮೊಮ್ಮಗನ ಫೋನಿನಿಂದ ಒಂದು ಫೋಟೊ ಕಳಿಸಿ ನೋಡಿದೆ. ಚೆನ್ನಾಗಿ ಬಂತು. ನಿಂತ ಚಿತ್ರದಲ್ಲಿ ಲ್ಯಾಗ್ ಕಾಣುವುದಿಲ್ಲ. ಅದು ಗೊತ್ತಿದ್ದೂ ಆಯಿತೆಂದು ಕೈ ತೊಳೆದುಕೊಂಡೆ.

ಊಟ ಮಾಡಿಕೊಂಡು ಹೋಗಿ ಎಂದರು. ಅಷ್ಟರಲ್ಲಿ ಕರೆಯ ಹೊತ್ತಾಯಿತು. ಏನಾದರೂ ತೊಂದರೆಯಾದರೆ ಇರಲಿ ಎಂದು ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡರು. ಟಿವಿಯಲ್ಲಿ ಹುಡುಗಿಯ ಮುಖ ಮೂಡಿತು. ನನ್ನ ಪಕ್ಕದ ಅಂಗಡಿಯ ಹುಡುಗಿ. ಹಸಿರು ಸೀರೆ ಉಟ್ಟು, ತಲೆ ತಗ್ಗಿಸಿ ಕುಳಿತಿದ್ದಳು. ನನಗೆ ಒಳಗೊಳಗೇ ಖುಷಿಯಾಯಿತು. ಇದು ಕೂಡಿಬಂದರೆ ಜೋಡಿಸಿದವನು ನಾನೇ ಎಂದು ಅವಳನ್ನು ಕಾಡಿಸಬಹುದಲ್ಲ ಎಂದುಕೊಂಡೆ.

ಟಿವಿಯಲ್ಲಿ ಧ್ವನಿ ಬರಲಿಲ್ಲ. ಮೊಮ್ಮಗ ಫೋನನ್ನು ಆಯಿಯ ಕಿವಿಗೆ ಹಿಡಿದ. ಆಯಿ ಟಿವಿಯ ಮೇಲೆ ಕಣ್ಣು ನೆಟ್ಟು ಕೇಳಿದರು: "ನಿನ್ನ ಹೆಸರೇನವಾ?"

ಫೋನಿನಿಂದ ಹೆಸರು ಸ್ಪಷ್ಟವಾಗಿ ಬಂತು. ಟಿವಿಯಲ್ಲಿ ಹುಡುಗಿಯ ಬಾಯಿ ಮುಚ್ಚಿಯೇ ಇತ್ತು. ಆಯಿ ಎರಡನೆಯ ಪ್ರಶ್ನೆಗೆ ಬಾಯಿ ತೆರೆಯುವಾಗ ಹುಡುಗಿಯ ತುಟಿ ಆಡಿದವು.

ಆಯಿ ಹುಬ್ಬು ಗಂಟಿಕ್ಕಿದರು. ಎಲ್ಲಿಯವರು, ಏನು ಓದಿದೆ ಎಂದು ಇನ್ನೆರಡು ಮಾತು ಕೇಳಿದರು. ಆಗಲೂ ಅದೇ ಆಯಿತು. ಆಮೇಲೆ ಒಂದು ಹಾಡು ಹೇಳೆಂದರು. ಹುಡುಗಿ ಒಂದು ಭಜನೆಯ ಪದ ಎತ್ತಿಕೊಂಡಳು. ದನಿ ಚೆನ್ನಾಗಿತ್ತು. ಹಾಡು ಮುಗಿಯಿತು, ಫೋನು ಸುಮ್ಮನಾಯಿತು. ಟಿವಿಯಲ್ಲಿ ಹುಡುಗಿ ಇನ್ನೂ ಹಾಡುತ್ತಲೇ ಇದ್ದಳು.

ಕರೆ ಮುಗಿಸಿದ ಮೇಲೆ ಆಯಿ ನಕ್ಕರು. ಒಳ್ಳೆಯ ನಗೆಯಲ್ಲ. "ಹಾಡಿದಾಕಿ ಬ್ಯಾರೆ, ಬಾಯಿ ಆಡಿಸಿದಾಕಿ ಬ್ಯಾರೆ. ಹಿಂದ ಯಾರನ್ನೋ ಕೂಡಿಸಿ ಮಾತಾಡಿಸ್ಯಾರ. ಇದಕ್ಕ ಮಾತ ಬರಂಗಿಲ್ಲ, ಇಲ್ಲಾ ತೊದಲ್ತೈತಿ. ನಮ್ಮ ಕಾಕಾಗೂ ಹಿಂಗ ಮಾಡಿದ್ರು. ತೋರಿಸಿದಾಕಿ ಒಬ್ಬಾಕಿ, ತಾಳಿ ಕಟ್ಟಿಸಿದ್ದು ಇನ್ನೊಬ್ಬಾಕಿಗೆ."

ಮೊಮ್ಮಗ ಮೆಲ್ಲಗೆ, "ನೆಟ್‌ವರ್ಕ್ ಇರಬೇಕು, ಆಯಿ," ಎಂದ. ಅವನಿಗೆ ಹುಡುಗಿ ಹಿಡಿಸಿದ್ದಳು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಸಾವಕಾರರು ನನ್ನ ಕಡೆ ತಿರುಗಿದರು. "ಏನ್ರಿ ಮಿಸ್ತ್ರಿ, ನೆಟ್‌ವರ್ಕಿಂದು ಏನರ ತೊಂದರಿ ಐತೇನು?"

ಇಡೀ ಕೋಣೆ ನನ್ನನ್ನು ನೋಡುತ್ತಿತ್ತು. ಹೌದು ಎಂದರೆ ರೂಟರ್ ಯಾಕೆ ಇಳಿಸಲಿಲ್ಲ ಎಂದು ಕೇಳುತ್ತಾರೆ. ಬೆಳಿಗ್ಗೆ ಆಡಿದ ದೊಡ್ಡ ಮಾತು ಎದುರಿಗೇ ಇತ್ತು. ಅವರು ಕಟ್ಟಿಸುತ್ತಿದ್ದ ಕಲ್ಯಾಣ ಮಂಟಪದ ಟಿವಿ, ಕ್ಯಾಮೆರಾ ಕೆಲಸ ನನಗೇ ಬರುವ ಮಾತೂ ಇತ್ತು. ಸಂಬಂಧದ ಮಾತಿನಲ್ಲಿ ಹೊರಗಿನವರು ಬಾಯಿ ಹಾಕಬಾರದು ಎಂಬುದು ನಾನು ಆಮೇಲೆ ಹುಡುಕಿಕೊಂಡ ನೆಪ. ಅವರು ಸಂಬಂಧದ ಬಗ್ಗೆ ಕೇಳಿರಲಿಲ್ಲ. ನನ್ನ ಕೆಲಸದ ಬಗ್ಗೆಯೇ ಕೇಳಿದ್ದರು.

"ಇಲ್ರಿ, ಎಲ್ಲಾ ಬರೋಬ್ಬರಿ ಐತಿ," ಎಂದೆ.

ಅಲ್ಲಿಗೆ ಮುಗಿಯಿತು. ಊಟಕ್ಕೆ ಹೋಳಿಗೆ ಮಾಡಿದ್ದರು. ಉಂಡೆ.

ಮಾತು ಕಾಲಿಲ್ಲದೆ ನಡೆಯಿತು. ಸಂಬಂಧ ತಂದಿದ್ದ ನಡುವಿನವರು ಹುಡುಗಿಯ ಮನೆಗೆ ಏನು ಹೇಳಿದರೋ, ಯಾರ್ಡಿನ ಮಂದಿಗೆ ಮಾತ್ರ ಪೂರಾ ಕಥೆ ಮುಟ್ಟಿತು. ಝೆರಾಕ್ಸ್ ಅಂಗಡಿಗೆ ಕೆಲಸವಿಲ್ಲದವರು ಬರತೊಡಗಿದರು. ಒಂದು ಹಾಳೆ ಕೊಟ್ಟು, "ನಿನ್ನ ಹೆಸರೇನವಾ?" ಎಂದು ಕೇಳಿ ಅವಳ ಬಾಯಿ ನೋಡುತ್ತ ನಿಲ್ಲುವರು. ಮೊದಮೊದಲು ಅವಳೂ ಬಿಡುತ್ತಿರಲಿಲ್ಲ. "ಹೆಸರು ಬೋರ್ಡಿನ ಮ್ಯಾಲ ಬರಸ್ತೇನ್ರಿ. ಓದಾಕ ಬರ್ತೈತಿಲ್ಲೋ ನಿಮಗ?" ಎನ್ನುವಳು. ಬರಬರುತ್ತ ಉತ್ತರ ಗಿಡ್ಡವಾದವು. ಕೊನೆಗೆ ಝೆರಾಕ್ಸಿನ ರೇಟನ್ನು ಒಂದು ರಟ್ಟಿನ ಮೇಲೆ ಬರೆದು ಗಾಜಿಗೆ ಅಂಟಿಸಿದಳು. ಮಾತನಾಡುವ ಅಗತ್ಯವೇ ಬೀಳದಂತೆ.

ಒಂದು ದಿನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು.

"ಕಾಕಾ, ಅವತ್ತ ನಮಗ ಕಂಡದ್ದು ಆ ಆಯಿ ಕಿವಿ ಅಷ್ಟ. ಕಿವಿ, ಮತ್ತ ಕಿವ್ಯಾಗಿನ ಬೆಂಡವಾಲಿ. ಫೋನು ಕಿವಿಗಿತ್ತಂದ್ರ ಆಕಿ ನನ್ನ ಮಾರಿ ಎಲ್ಲಿ ನೋಡಿದಳು? ಟಿವಿಯಾಗ. ಮಿರರಿಂಗ್ ಮಾಡ್ಯಾರ. ಧ್ವನಿ ಮುಂದ ಹೋಗೈತಿ, ಚಿತ್ರ ಹಿಂದ ಬಿದ್ದೈತಿ."

ನಾನು ಕಾದ ಸೋಲ್ಡರಿಂಗ್ ಕಡ್ಡಿ ಹಿಡಿದು ಬೋರ್ಡಿನ ಮೇಲೆ ಬಗ್ಗಿದ್ದೆ. ಬೆಸುಗೆ ಹಾಕುವಂಥದ್ದೇನೂ ಅದರಲ್ಲಿ ಇರಲಿಲ್ಲ.

"ಜೋಡಿಸಿದವಗ ಇದು ಗೊತ್ತಿರಬೇಕಲ್ಲ, ಕಾಕಾ? ಒಂದ ಮಾತ ಹೇಳಿದ್ರ ಆಗ್ತಿತ್ತು."

"ಎಲ್ಲಾರಿಗೂ ಗೊತ್ತಿರಂಗಿಲ್ಲವಾ," ಎಂದೆ.

ಆ ಮಳೆಗಾಲದಲ್ಲಿ ಇನ್ನೊಂದು ಸಂಬಂಧ ಬಂದು, ಕಥೆ ಕೇಳಿ ಹಿಂದೆ ಸರಿಯಿತು. ಮಂದಿಯ ಬಾಯಿ ನಿಲ್ಲಲಿ ಎಂದು ಅವಳ ಅಪ್ಪ ಅಂಗಡಿ ಬಿಡಿಸಿ ಇಂಡಿಯಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದ. ಕಲ್ಯಾಣ ಮಂಟಪದ ಕೆಲಸ ನನಗೆ ಬಂತು. ಮಾಡಿದೆ.

ಹೋದ ವರ್ಷ ಬಾಗೇವಾಡಿಗೆ ಹೋಗಿ ಸಾವಕಾರರಿಗೆ ನಿಜ ಹೇಳಿದೆ. ಆಯಿ ತೀರಿಕೊಂಡಿದ್ದರು, ಮೊಮ್ಮಗನಿಗೆ ಬೇರೆ ಕಡೆ ಲಗ್ನವಾಗಿತ್ತು. ಅವರು "ಹೋಗ್ಲಿ ಬಿಡ್ರಿ ಮೌಲಾಸಾಬ, ಹಳೀ ಮಾತು," ಎಂದು ಚಹಾ ತರಿಸಿದರು. ಅವರಿಗೆ ಹೇಳುವುದು ಕಷ್ಟವಾಗಲಿಲ್ಲ. ಅವರು ಏನನ್ನೂ ಕಳೆದುಕೊಂಡಿರಲಿಲ್ಲ.

ಅದೇ ಧೈರ್ಯದಲ್ಲಿ ಇಂಡಿಗೂ ಹೋದೆ. ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು, "ಬರ್ರಿ ಕಾಕಾ, ಆರಾಮ ಅದೀರೇನ್ರಿ?" ಎಂದಳು. ಹಾಗೆ ಕೇಳುವಾಗ ಅವಳ ಕೈ ತಾನಾಗಿಯೇ ಮೇಲೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿತು. ಮಾತು ಮುಗಿದ ಮೇಲೆ ಇಳಿಯಿತು. ಚಹಾ ಕೊಡುವಾಗಲೂ ಹಾಗೇ, ಮುದ್ದೇಬಿಹಾಳದ ಸುದ್ದಿ ಕೇಳುವಾಗಲೂ ಹಾಗೇ. ನಾಲಿಗೆ ಚಾಚಿ ನನ್ನನ್ನು ನಗಿಸಿದ ಹುಡುಗಿ ಈಗ ಯಾರಿಗೂ ತುಟಿ ತೋರಿಸುತ್ತಿರಲಿಲ್ಲ.

ಹೇಳಲೆಂದು ಹೋದದ್ದನ್ನು ಹೇಳದೆ ಎದ್ದೆ. ಹೊಸ್ತಿಲವರೆಗೆ ಬಂದು, ಸೆರಗಿನ ಹಿಂದಿನಿಂದಲೇ ಕೇಳಿದಳು: "ಮಿರರಿಂಗ್ ಕೆಲಸ ಇನ್ನೂ ಮಾಡ್ತೀರೇನ್ರಿ ಕಾಕಾ?"

"ಅಂಗಡಿ ಮುಚ್ಚೇನವಾ. ಪರಿಚಯದವರು ಕರೆದ್ರ ಹೋಗ್ತೇನಿ."

"ಹೋದ್ರ, ಚಿತ್ರ ತಡಾ ಆಗ್ತೈತಿ ಅಂತ ಮೊದಲ ಹೇಳ್ರಿ ಮಂದಿಗೆ."

ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಕೇಳುವ ಧೈರ್ಯವಿಲ್ಲ.

ಈಗ ಯಾರ ಮನೆಗೆ ಹೋದರೂ ಫೋಟೊ ಹಾಕಿ ಪರೀಕ್ಷೆ ಮಾಡುವುದಿಲ್ಲ. ಫೋನಿನ ಕ್ಯಾಮೆರಾ ತೆರೆದು, ಮನೆಯವರ ಮುಂದೆ ಚಪ್ಪಾಳೆ ತಟ್ಟಿ, ಟಿವಿಯಲ್ಲಿ ಅದು ಎಷ್ಟು ತಡವಾಗಿ ಬರುತ್ತದೆಂದು ತೋರಿಸುತ್ತೇನೆ. ಯಂತ್ರ ಏನು ಮಾಡುತ್ತದೆಂದು ಅಂಗಡಿಯವರು ಹೇಳುತ್ತಾರೆ. ಅದರ ಕೈಯಲ್ಲಿ ಏನು ಆಗುವುದಿಲ್ಲ ಎಂದು ಹೇಳಬೇಕಾದವನು ಜೋಡಿಸುವವನು. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಅದನ್ನೇ, ಕಲಿತದ್ದು ತಡವಾಗಿ.

ಅಂದು ಆ ಕೋಣೆಯಲ್ಲಿ ನನ್ನನ್ನು ಕೇಳಿದಾಗ ನಾನು ಹೇಳಬೇಕಾಗಿದ್ದ ಮಾತು ದೊಡ್ಡದೇನಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ಆಯಿ, ತಪ್ಪು ನನ್ನ ಕೆಲಸದ್ದು. ಮಾತಾಡಿದವಳೂ ಅವಳೇ, ಹಾಡಿದವಳೂ ಅವಳೇ. ಅವಳ ಹೆಸರು ದಾನೇಶ್ವರಿ.